407 ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸ್ಟಡ್ ಹೆಡ್ ಒಳಗೇ ಮುರಿದಿದೆ, ತೆಗೆಯುವುದು ಹೇಗೆ?

ತೆಂಗಿನ ಲೋಡು · ಶನಿವಾರ ಸಂಜೆ 6:40

ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ದಯವಿಟ್ಟು ಬೇಗ ಹೇಳಿ, ಗಾಡಿ ಬಿಚ್ಚಿಕೊಂಡು ಕೂತಿದ್ದೇನೆ.

ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಅಪ್ಪ ತೆಗೆದುಕೊಂಡ ಟಾಟಾ 407 ಸಣ್ಣ ಲಾರಿ ಇದೆ, 497 ಎಂಜಿನ್, ಟರ್ಬೊ ಇಲ್ಲದ್ದು. ತೋಟದಿಂದ ತೋಟಕ್ಕೆ ಹೋಗಿ ಕಾಯಿ ತುಂಬುವುದು, ಕೊಬ್ಬರಿ ಮೂಟೆ ಎಪಿಎಂಸಿಗೆ ಹಾಕುವುದು, ಇದೇ ಕೆಲಸ. ಎರಡು ತಿಂಗಳಿಂದ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಟಿಕ್ ಅಂತ ಸದ್ದು. ಬಿಸಿಯಾದ ಮೇಲೆ ನಿಲ್ಲುತ್ತಿತ್ತು. ಮೊದಲು ಟ್ಯಾಪೆಟ್ ಅಂದುಕೊಂಡೆ. ಕಳೆದ ವಾರ ಕ್ಯಾಬಿನ್ ಒಳಗೆ ಹೊಗೆ ವಾಸನೆ ಬಂತು. ಬಗ್ಗಿ ನೋಡಿದರೆ ನಾಲ್ಕನೇ ಸಿಲಿಂಡರ್ ಹತ್ತಿರ, ಎಂಜಿನ್ ಹೊಗೆಯನ್ನು ಹೊರಗೆ ಒಯ್ಯುವ ಮ್ಯಾನಿಫೋಲ್ಡ್‌ಗೂ ಹೆಡ್‌ಗೂ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ನಡುವಿನ ಪ್ಯಾಕಿಂಗ್ ಪಕ್ಕ ಕಪ್ಪು ಮಸಿ. ಪ್ಯಾಕಿಂಗ್ ಹೋಗಿದೆ ಅಂತ ಗೊತ್ತಾಯಿತು.

ಗ್ಯಾರೇಜಿನವರು ನಾಲ್ಕು ದಿನ ಗಾಡಿ ಬಿಡಿ ಅಂದರು. ಸೋಮವಾರ ಲೋಡ್ ಇದೆ. ಹಾಗಾಗಿ ನಾನೇ ಬಿಚ್ಚಿದೆ. ಮ್ಯಾನಿಫೋಲ್ಡ್ ಹಿಡಿಯುವ ಸ್ಟಡ್‌ಗಳ (ಹೆಡ್‌ಗೆ ತಿರುಪಿದ ತಲೆಯಿಲ್ಲದ ಬೋಲ್ಟ್) ಮಿಕ್ಕ ನಟ್ಟುಗಳೆಲ್ಲ ಬಂದವು. ಕ್ಯಾಬಿನ್ ಕಡೆಯ ಕೊನೆಯದು ಮಾತ್ರ ಅಲ್ಲಾಡಲಿಲ್ಲ. 13ರ ರಿಂಗ್ ಪಾನಾಗೆ ಎರಡಡಿ ಪೈಪ್ ಸಿಕ್ಕಿಸಿ ಎಳೆದೆ. ಸ್ವಲ್ಪ ತಿರುಗಿತು. ಬಂತು ಅಂತ ಖುಷಿಯಾಯಿತು. ಆದರೆ ತಿರುಗುವಾಗ ರಬ್ಬರ್ ತಿರುವಿದ ಹಾಗೆ ಮೆತ್ತಗಿತ್ತು. ಆಮೇಲೆ ಟಕ್ ಅಂತ ಒಂದೇ ಸದ್ದು, ನಟ್ಟು, ಅರ್ಧ ಸ್ಟಡ್ಡು ಎರಡೂ ಕೈಗೆ ಬಂದವು.

ಮುರಿದ ತುಂಡು ಅಳೆದೆ, 8 ಎಂಎಂ. ಉಳಿದ ಅರ್ಧ ಹೆಡ್ ಒಳಗಿದೆ, ಮೇಲ್ಮೈಯಿಂದ ಒಂದು ಎಂಎಂ ಒಳಗೇ ಮುರಿದಿದೆ. ಹಿಡಿಯಲು ಏನೂ ಇಲ್ಲ. ಅಂಗಡಿಯಿಂದ ಈಜಿ ಔಟ್ ಸೆಟ್ (ಮುರಿದ ಸ್ಟಡ್‌ಗೆ ತೂತು ಕೊರೆದು ಒಳಗೆ ಕಚ್ಚಿಸಿ ತಿರುಗಿಸುವ ಸಾಧನ) ತಂದಿಟ್ಟುಕೊಂಡಿದ್ದೇನೆ. ರಾತ್ರಿಯೇ ಡ್ರಿಲ್ ಹಾಕಿ ಅದನ್ನು ಹೊಡೆಯಲೋ ಬೇಡವೋ?

ಸ್ಪ್ಯಾನರ್ 17 · 6:52

ಬೇಡ. ಬೇಡ. ಬೇಡ. ಈಜಿ ಔಟ್ ಪ್ಯಾಕೆಟ್ ಬಿಚ್ಚಬೇಡಿ.

ಹಳೇ ಜೀಪು · 6:58

ಒಂದೇ ಸ್ಟಡ್ ಅಲ್ವಾ? ಹೊಸ ಪ್ಯಾಕಿಂಗ್ ಹಾಕಿ, ಮಿಕ್ಕವನ್ನು ಟೈಟ್ ಮಾಡಿ, ಆ ಜಾಗಕ್ಕೆ ಎಂ-ಸೀಲ್ ಮೆತ್ತಿ ಓಡಿಸಿ. ನನ್ನ ಜೀಪು ಹಾಗೇ ಒಂದು ವರ್ಷ ಓಡಿದೆ.

ಸ್ಪ್ಯಾನರ್ 17 · 7:03

ಎಂ-ಸೀಲ್ ಪೈಪಿನಲ್ಲಿ ನೀರು ನಿಲ್ಲಿಸುವುದಕ್ಕೆ ಸರಿ. ಮ್ಯಾನಿಫೋಲ್ಡ್ ಬಿಸಿಗೆ ಅದು ಅರ್ಧ ಗಂಟೆಯಲ್ಲಿ ಸುಟ್ಟು ಪುಡಿಯಾಗುತ್ತದೆ. ಕೊನೆಯ ಸ್ಟಡ್ ಇಲ್ಲದಿದ್ದರೆ ಮ್ಯಾನಿಫೋಲ್ಡ್ ತುದಿ ಏಳುತ್ತದೆ, ಹೊಸ ಪ್ಯಾಕಿಂಗ್ ಕೂಡ ಹೋಗುತ್ತದೆ.

ಘಾಟಿ ಡ್ರೈವರ್ · 7:10

ಹೊಗೆ ಕ್ಯಾಬಿನ್‌ಗೆ ಬರುತ್ತಿದೆ ಅಂತ ಅವರೇ ಬರೆದಿದ್ದಾರೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅಣ್ಣ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಪೆಟ್ರೋಲ್ ಗಾಡಿಗಿಂತ ಡೀಸೆಲ್‌ನಲ್ಲಿ ಕಡಿಮೆ, ಆದರೆ ಇಲ್ಲ ಅಂತ ಅಲ್ಲ. ಒಂದು ಸಲ ಶಿರಾಡಿ ಇಳಿಯುವಾಗ ಮಳೆ ಅಂತ ಕಿಟಕಿ ಏರಿಸಿಕೊಂಡಿದ್ದೆ. ತಲೆನೋವು ಶುರುವಾಯಿತು. ನಿದ್ದೆಗೆಟ್ಟಿದ್ದಕ್ಕೆ ಅಂದುಕೊಂಡೆ. ಕ್ಲೀನರ್ ಹುಡುಗ ವಾಂತಿ ಮಾಡಿಕೊಂಡ. ಗುಂಡ್ಯದಲ್ಲಿ ನಿಲ್ಲಿಸಿ ಇಳಿದು ಗಾಳಿ ತೆಗೆದುಕೊಂಡ ಮೇಲೆ ಇಬ್ಬರಿಗೂ ಸರಿಹೋಯಿತು. ಆಮೇಲೆ ನೋಡಿದರೆ ಇದೇ ಮ್ಯಾನಿಫೋಲ್ಡ್ ಲೀಕ್. ಅದು ರಿಪೇರಿ ಆಗುವವರೆಗೆ ನಾನು ಗಾಡಿ ಹತ್ತಲಿಲ್ಲ.

ಹಳೇ ಜೀಪು · 7:14

ನನ್ನ ಜೀಪಿಗೆ ಬಾಗಿಲೇ ಇಲ್ಲ, ಹಾಗಾಗಿ ಗೊತ್ತಾಗಿಲ್ಲ ಅನ್ನಿಸುತ್ತದೆ. ಸರಿ, ನನ್ನ ಮಾತು ವಾಪಸ್ ತೆಗೆದುಕೊಂಡೆ.

ಲೇತ್ ಶೆಡ್ · 7:31

ಶಿವಮೊಗ್ಗ ಆಟೋ ಕಾಂಪ್ಲೆಕ್ಸ್ ಕಡೆಯಿಂದ ಬರೆಯುತ್ತಿದ್ದೇನೆ. ವಾರಕ್ಕೆ ಎರಡಾದರೂ ಇಂಥ ಹೆಡ್ ನಮ್ಮ ಶೆಡ್‌ಗೆ ಬರುತ್ತವೆ. ಅದರಲ್ಲಿ ಅರ್ಧ ಬರುವುದು ಸ್ಟಡ್ ಮುರಿದದ್ದಕ್ಕಲ್ಲ, ಅದರೊಳಗೆ ಈಜಿ ಔಟ್ ಮುರಿದದ್ದಕ್ಕೆ.

ಯಾಕೆ ಅಂದರೆ, ನಟ್ಟು ಇದ್ದಾಗ, ಪೂರ್ತಿ ಸ್ಟಡ್ ಇದ್ದಾಗ, ಎರಡಡಿ ಪೈಪ್ ಹಾಕಿದಾಗ ತಿರುಗದೇ ಇದ್ದದ್ದು ಒಳಗೆ 4 ಎಂಎಂ ದಪ್ಪದ ಈಜಿ ಔಟ್ ಹಾಕಿದರೆ ತಿರುಗುತ್ತದಾ? ಅದು ಗಟ್ಟಿ ಉಕ್ಕು, ಗಾಜಿನ ಹಾಗೆ. ಬಾಗುವುದಿಲ್ಲ, ಮುರಿಯುತ್ತದೆ. ಮುರಿದ ಮೇಲೆ ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ, ಪಕ್ಕದ ಬೀಡನ್ನು (ಎರಕದ ಕಬ್ಬಿಣ) ತಿನ್ನುತ್ತದೆ. ಆಮೇಲೆ ಹೆಡ್ ಇಳಿಸಿ, ಕರೆಂಟ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಷನ್ ಮೆಷಿನ್ ಇರುವ ಕಡೆ ಒಯ್ಯಬೇಕು. ಹೆಡ್ ಇಳಿಸಿದರೆ ಹೆಡ್ ಪ್ಯಾಕಿಂಗ್ ಹೊಸದು. ಹೀಗೆ ಖರ್ಚು ಒಂದಕ್ಕೊಂದು ಸೇರಿಕೊಳ್ಳುತ್ತದೆ.

ಎರಡು ಪ್ರಶ್ನೆ. ಹೆಡ್ ಬೀಡೋ ಅಲ್ಯುಮಿನಿಯಮ್ಮೋ? ಖಾತ್ರಿ ಇಲ್ಲದಿದ್ದರೆ ಅಯಸ್ಕಾಂತ ಇಟ್ಟು ನೋಡಿ. ಮುರಿದ ಮುಖ ಸಮ ಇದೆಯೋ ಓರೆ ಇದೆಯೋ?

ತೆಂಗಿನ ಲೋಡು · 7:44

ಅಯಸ್ಕಾಂತ ಗಟ್ಟಿಯಾಗಿ ಹಿಡಿಯಿತು, ಬೀಡೇ. ಮುಖ ಓರೆ ಇದೆ, ಒಂದು ಕಡೆ ಕಪ್ಪು, ಒಂದು ಕಡೆ ಬೆಳ್ಳಗೆ ಹೊಳೆಯುತ್ತದೆ.

ಪಾಲಿಟೆಕ್ನಿಕ್ ಮೇಷ್ಟ್ರು · 7:58

ಆ ಕಪ್ಪು ಭಾಗವನ್ನು ಗಮನಿಸಿ. ಅಲ್ಲಿ ಬಿರುಕು ಮೊದಲೇ ಇತ್ತು, ಅದರೊಳಗೆ ಹೊಗೆ ಮಸಿ ಹೋಗಿ ಕೂತಿದೆ. ಇವತ್ತು ನೀವು ಮುರಿದದ್ದು ಬೆಳ್ಳಗಿರುವಷ್ಟು ಮಾತ್ರ. ಅಂದರೆ ಪ್ಯಾಕಿಂಗ್ ಹೋದದ್ದಕ್ಕೂ ಬಹುಶಃ ಇದೇ ಸ್ಟಡ್ ಕಾರಣ. ಹಿಡಿತ ಸಡಿಲವಾಗಿ ಅಲ್ಲಿಂದ ಹೊಗೆ ನುಗ್ಗಿದೆ.

ಯಾವಾಗಲೂ ತುದಿಯ ಸ್ಟಡ್‌ಗಳೇ ಯಾಕೆ ಮುರಿಯುತ್ತವೆ ಅಂತ ಹುಡುಗರು ಕ್ಲಾಸಿನಲ್ಲಿ ಕೇಳುತ್ತಿದ್ದರು. ಲೆಕ್ಕ ಸುಲಭ. ಬೀಡು ಒಂದು ಡಿಗ್ರಿಗೆ, ಒಂದು ಮೀಟರ್ ಉದ್ದಕ್ಕೆ, ಒಂದು ಎಂಎಂನ ನೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಮ್ಯಾನಿಫೋಲ್ಡ್ 45 ಸೆಂಟಿಮೀಟರ್ ಇದೆ, ಲೋಡ್ ಎಳೆಯುವಾಗ 400 ಡಿಗ್ರಿ ಏರಿತು ಅಂತ ಇಟ್ಟುಕೊಳ್ಳಿ. ಹತ್ತಿರ ಹತ್ತಿರ 2 ಎಂಎಂ ಉದ್ದವಾಗುತ್ತದೆ. ಹೆಡ್‌ನಲ್ಲಿ ನೀರು ಹರಿಯುತ್ತದೆ, ಅದು ಅಷ್ಟು ಬಿಸಿಯಾಗುವುದಿಲ್ಲ, ಅಷ್ಟು ಹಿಗ್ಗುವುದೂ ಇಲ್ಲ. ನಡುವಿನ ಸ್ಟಡ್‌ಗೆ ಏನೂ ಗೊತ್ತಾಗುವುದಿಲ್ಲ. ತುದಿಯದು ಪ್ರತಿ ಸಲವೂ ಆ ಕಡೆ ಈ ಕಡೆ ಬಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿಯುತ್ತೀವಲ್ಲ, ಹಾಗೆ. ಇದಕ್ಕೇ ಮ್ಯಾನಿಫೋಲ್ಡ್ ತೂತುಗಳನ್ನು ಸ್ಟಡ್‌ಗಿಂತ ದೊಡ್ಡದಾಗಿ ಕೊರೆದಿರುತ್ತಾರೆ.

ತೆಂಗಿನ ಲೋಡು · 8:05

ಮೇಷ್ಟ್ರೇ, ಈ ಮಾತು ಕೇಳಿ ಸ್ವಲ್ಪ ಸಮಾಧಾನವಾಯಿತು. ನನ್ನಿಂದಲೇ ಮುರಿಯಿತು ಅಂತ ಮಧ್ಯಾಹ್ನದಿಂದ ಊಟ ಸೇರಿರಲಿಲ್ಲ.

ಹುಬ್ಬಳ್ಳಿ ಗ್ಯಾರೇಜ್ · 8:12

ಮೊದಲೇ ಬಿರುಕು ಇತ್ತು ಸರಿ, ಆದರೆ ಎರಡಡಿ ಪೈಪ್ ಹಾಕಿದ್ದು ತಪ್ಪಲ್ಲ ಅಂತ ಯಾರೂ ಹೇಳಬೇಡ್ರಿ. ಎರಡಡಿ ಅಂದರೆ 0.6 ಮೀಟರ್. 20 ಕೆಜಿ ಬಲ ಹಾಕಿದರೂ 12 ಕೆಜಿ-ಮೀಟರ್ ಆಯಿತು. 8 ಎಂಎಂ ಸ್ಟಡ್ ಟೈಟ್ ಮಾಡುವುದು ಎರಡೂವರೆ ಕೆಜಿ-ಮೀಟರ್‌ಗೆ. ಐದು ಪಟ್ಟು! ಹೊಸ ಸ್ಟಡ್ ಆಗಿದ್ದರೂ ಮುರಿಯುತ್ತಿತ್ತು.

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡ್ರಿ. ಎಲ್ಲರೂ ಮೊಬೈಲ್‌ನಲ್ಲಿ ನೋಡಿ ಪಾನಾ ಹಿಡಿಯುತ್ತಾರೆ, ಮುರಿದ ಮೇಲೆ ನಮ್ಮ ಹತ್ತಿರ ತರುತ್ತಾರೆ. ಒಂದು ಗಂಟೆಯ ಕೆಲಸ ಎರಡು ದಿನದ್ದಾಗಿರುತ್ತದೆ. ಆಮೇಲೆ ಬಿಲ್ ಜಾಸ್ತಿ ಅಂತ ನಮ್ಮ ಮೇಲೆ ಸಿಟ್ಟು.

ತೆಂಗಿನ ಲೋಡು · 8:20

ಅಣ್ಣ, ನೀವು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಕಡೆಯಿಂದಲೂ ನೋಡಿ. ಗಾಡಿ ನಾಲ್ಕು ದಿನ ನಿಂತರೆ ಬಾಡಿಗೆ ಇಲ್ಲ, ತೋಟದವರು ಬೇರೆ ಗಾಡಿ ಕರೆಯುತ್ತಾರೆ. ಒಂದು ಸಲ ಬೇರೆ ಗಾಡಿ ಹೋದರೆ ಮುಂದಿನ ಕೊಯ್ಲಿಗೂ ಅದೇ ಹೋಗುತ್ತದೆ. ಆಸೆಗೆ ಪಾನಾ ಹಿಡಿದದ್ದಲ್ಲ.

ಹುಬ್ಬಳ್ಳಿ ಗ್ಯಾರೇಜ್ · 8:24

ಅದು ಖರೇ. ಆಗಲಿ, ಈಗ ಮುಂದಿನದು ಮಾತಾಡೋಣ. ಇವತ್ತು ರಾತ್ರಿ ಏನೂ ಮಾಡಬೇಡ್ರಿ. ಆ ತೂತಿಗೆ ಎಣ್ಣೆ ಬಿಟ್ಟು ಮಲಗ್ರಿ.

ಹೊಸ ಪಾನಾ · 8:30

ಯಾವ ಎಣ್ಣೆ ಸಾರ್? ಡಬ್ಲ್ಯುಡಿ-40 ನಡೆಯುತ್ತದಾ?

ಸ್ಪ್ಯಾನರ್ 17 · 8:36

ಅದರ ಹೆಸರೇ ನೀರು ಓಡಿಸುವ ದ್ರವ, 40ನೇ ಪ್ರಯತ್ನ ಅಂತ. 1953ರಲ್ಲಿ ಮಾಡಿದ್ದು. ತುಕ್ಕು ಹಿಡಿಯದ ಹಾಗೆ ತಡೆಯಲು ಒಳ್ಳೆಯದು. ಕಚ್ಚಿಕೊಂಡ ಥ್ರೆಡ್ ಒಳಗೆ ಇಳಿಯಲು ಅದಕ್ಕೇ ಅಂತ ಮಾಡಿದ ಪೆನಟ್ರೇಟಿಂಗ್ ಆಯಿಲ್ ಮೇಲು. ಸಿಗದಿದ್ದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಅರ್ಧ, ಅಸಿಟೋನ್ ಅರ್ಧ ಸೇರಿಸಿ. ಎರಡೂ ಸರಿಯಾಗಿ ಬೆರೆಯುವುದಿಲ್ಲ, ಬಿಡುವ ಮುಂಚೆ ಪ್ರತಿ ಸಲ ಅಲ್ಲಾಡಿಸಬೇಕು. ಬೆಂಕಿ ಹತ್ತಿರ ಇಡಬೇಡಿ.

ಹಳೇ ಜೀಪು · 8:41

ನಮ್ಮ ಕಡೆ ಸೀಮೆಎಣ್ಣೆ ಬಿಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತೀವಿ. ಎಣ್ಣೆಗಿಂತ ತಟ್ಟುವುದೇ ಮುಖ್ಯ. ತಟ್ಟಿದಾಗ ತುಕ್ಕು ಸೀಳುತ್ತದೆ, ಎಣ್ಣೆ ಇಳಿಯಲು ದಾರಿ ಆಗುತ್ತದೆ.

ಲೇತ್ ಶೆಡ್ · 8:47

ತಟ್ಟುವುದು ಸರಿ, ಇದನ್ನು ಒಪ್ಪುತ್ತೇನೆ. ಸೆಂಟರ್ ಪಂಚ್ ಇಟ್ಟು ಸಣ್ಣ ಸುತ್ತಿಗೆಯಲ್ಲಿ ಹತ್ತಿಪ್ಪತ್ತು ಏಟು. ದೊಡ್ಡ ಸುತ್ತಿಗೆ ಬೇಡ, ಸ್ಟಡ್ ಊದಿಕೊಂಡು ಇನ್ನೂ ಬಿಗಿಯುತ್ತದೆ.

ಮಿಷಿಗನ್ ಹಿಮ · 9:15

ನಾನು ಹಾಸನದವನು, ಈಗ ಇರುವುದು ಡೆಟ್ರಾಯಿಟ್ ಹತ್ತಿರ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಹತ್ತು ವರ್ಷದ ಪಿಕಪ್ ಟ್ರಕ್ ಅಡಿಯಲ್ಲಿ ಮಲಗಿ ನೋಡಿದರೆ ಒಂದು ನಟ್ಟಿಗೂ ಆರು ಮೂಲೆ ಉಳಿದಿರುವುದಿಲ್ಲ. ನನ್ನ ಟ್ರಕ್‌ನಲ್ಲಿ ಇದೇ ಹಿಂದಿನ ಮೂಲೆಯ ಬೋಲ್ಟ್ ಎರಡೂ ಕಡೆ ಮುರಿದಿತ್ತು. ಮನೆಯ ಗ್ಯಾರೇಜ್‌ನಲ್ಲೇ ತೆಗೆದೆ, ವೆಲ್ಡಿಂಗ್ ಮಾಡಿ.

ಮುರಿದ ಸ್ಟಡ್ ಮೇಲೆ ಒಂದು ವಾಷರ್ ಇಟ್ಟು, ವಾಷರ್ ತೂತಿನೊಳಗಿಂದ ಸ್ಟಡ್‌ಗೆ ವೆಲ್ಡ್ ತುಂಬಿಸುವುದು. ಆಮೇಲೆ ಆ ವಾಷರ್ ಮೇಲೆ ನಟ್ಟು ಇಟ್ಟು, ನಟ್ಟಿನ ಒಳಗೆಲ್ಲ ವೆಲ್ಡ್ ತುಂಬುವುದು. ಹಿಡಿಯಲು ತಲೆ ಸಿಕ್ಕಿತಲ್ಲ. ಅದಕ್ಕಿಂತ ಹೆಚ್ಚಾಗಿ, ವೆಲ್ಡ್ ಬಿಸಿ ನೇರ ಸ್ಟಡ್ ಒಳಗೇ ಇಳಿಯುತ್ತದೆ. ಸ್ಟಡ್ ಹಿಗ್ಗಲು ನೋಡುತ್ತದೆ, ಸುತ್ತಲಿನ ಬೀಡು ಬಿಡುವುದಿಲ್ಲ, ತುಕ್ಕು ಪುಡಿಯಾಗುತ್ತದೆ. ತಣ್ಣಗಾದಾಗ ಸ್ಟಡ್ ಕುಗ್ಗುತ್ತದೆ, ಅಷ್ಟರಲ್ಲಿ ಕಚ್ಚು ಬಿಟ್ಟಿರುತ್ತದೆ.

ಹೊಸ ಪಾನಾ · 9:20

ವೆಲ್ಡ್ ಹೋಗಿ ಹೆಡ್‌ಗೇ ಅಂಟಿಕೊಂಡರೆ?

ಕಿಡಿ ವೆಲ್ಡಿಂಗ್ · 9:33

ಬೀಡಿಗೆ ಸಾಮಾನ್ಯ ರಾಡ್ ಸರಿಯಾಗಿ ಕಚ್ಚುವುದಿಲ್ಲ. ಅಂಟಿದರೂ ತಿರುಗಿಸುವಾಗ ಬಿಟ್ಟುಕೊಳ್ಳುತ್ತದೆ. ವಾಷರ್ ಇಡುವುದೂ ಅದಕ್ಕೇ, ಅಂಚು ಕಾಪಾಡಲು. ಅಲ್ಯುಮಿನಿಯಂ ಹೆಡ್‌ನಲ್ಲೂ ಈ ಉಪಾಯ ನಡೆಯುತ್ತದೆ, ಆದರೆ ಅಲ್ಲಿ ಹೆಡ್ ಕರಗುವ ಭಯ ಇದೆ. ಬೀಡಿನಲ್ಲಿ ಧೈರ್ಯವಾಗಿ ಮಾಡಬಹುದು.

ಆದರೆ ಕೆಲವು ಮಾತು ಕಡ್ಡಾಯ. ಬ್ಯಾಟರಿ ಎರಡೂ ಟರ್ಮಿನಲ್ ಬಿಚ್ಚಿ, ಆಲ್ಟರ್ನೇಟರ್ ವೈರ್ ಬಿಚ್ಚಿ. ಅರ್ತ್ ಕ್ಲಾಂಪನ್ನು ಹೆಡ್ ಮೇಲೇ, ವೆಲ್ಡ್ ಮಾಡುವ ಜಾಗದ ಹತ್ತಿರ ಕಚ್ಚಿಸಿ. ಚಾಸಿಗೋ ಬಂಪರ್‌ಗೋ ಕೊಟ್ಟರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದನ್ನೂ ತಿನ್ನುತ್ತದೆ. ನೀವು ಈಗ ಬಿಡುತ್ತಿರುವ ಎಣ್ಣೆಯನ್ನು ವೆಲ್ಡ್ ಮಾಡುವ ಮುಂಚೆ ಪೂರ್ತಿ ಒರೆಸಿ. ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ತೊಳೆಯಬೇಡಿ. ಕ್ಲೋರಿನ್ ಇರುವ ಸ್ಪ್ರೇ ಮೇಲೆ ಆರ್ಕ್ ಬಿದ್ದರೆ ಫಾಸ್ಜೀನ್ ಅನ್ನುವ ವಿಷದ ಗಾಳಿ ಏಳುತ್ತದೆ, ಸ್ವಲ್ಪ ಉಸಿರಾಡಿದರೂ ಪ್ರಾಣಕ್ಕೆ ಅಪಾಯ. ನಟ್ಟು, ವಾಷರ್ ಮೇಲೆ ಸತುವಿನ ಲೇಪ ಇದ್ದರೆ ಉಜ್ಜಿ ತೆಗೆಯಿರಿ. ಆ ಬಿಳಿ ಹೊಗೆ ಕುಡಿದು ನಾನು ಒಂದು ರಾತ್ರಿಯೆಲ್ಲ ನಡುಗಿದ್ದೇನೆ, ಮಲೇರಿಯಾ ಬಂದ ಹಾಗೆ.

ಡೀಸೆಲ್ ಪೈಪ್ ಹತ್ತಿರ ಇದ್ದರೆ ಒದ್ದೆ ಗೋಣಿಚೀಲ ಹೊದಿಸಿ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ.

ಲೇತ್ ಶೆಡ್ · 9:50

ಎಲ್ಲರೂ ವೆಲ್ಡಿಂಗ್ ವೆಲ್ಡಿಂಗ್ ಅನ್ನುತ್ತಿದ್ದೀರಿ. ಕ್ಯಾಬಿನ್ ಗೋಡೆ ಪಕ್ಕ ಆ ಸಂದಿಯಲ್ಲಿ ರಾಡ್ ಹಿಡಿದ ಕೈ ಹೋಗಬೇಕಲ್ಲ? ನನ್ನ ದಾರಿ ಬೇರೆ. ಮ್ಯಾನಿಫೋಲ್ಡನ್ನೇ ವಾಪಸ್ ಅದರ ಜಾಗದಲ್ಲಿ ಕೂರಿಸಿ, ಮಿಕ್ಕ ನಟ್ಟು ಹಾಕಿ. ಮುರಿದ ಸ್ಟಡ್‌ನ ತೂತಿಗೆ ಬಿಗಿಯಾಗಿ ಕೂರುವ ಒಂದು ಬುಷ್ ಲೇತ್‌ನಲ್ಲಿ ಮಾಡಿಸಿ, ನಡುವೆ 4 ಎಂಎಂ ತೂತು. ಆ ಬುಷ್ ಒಳಗಿಂದ ಡ್ರಿಲ್ ಬಿಟ್ ಇಳಿಸಿದರೆ ನಡುವಿಗೇ ಹೋಗುತ್ತದೆ, ಜಾರುವುದಿಲ್ಲ. ಆಮೇಲೆ 5, 6, ಕೊನೆಗೆ 6.8. ಸ್ಟಡ್ ಗೋಡೆ ಕಾಗದದಷ್ಟು ತೆಳ್ಳಗಾಗುತ್ತದೆ, ಚೂಪು ಉಳಿಯಿಂದ ಒಳಕ್ಕೆ ಮಡಿಚಿ ತೆಗೆಯಬಹುದು. 8 ಇಂಟು 1.25 ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಹಾಕಿದರೆ ಹಳೇ ಥ್ರೆಡ್ಡೇ ಸಿಗುತ್ತದೆ.

ಮಿಷಿಗನ್ ಹಿಮ · 9:58

ಬುಷ್ ಉಪಾಯ ಬಹಳ ಚೆನ್ನಾಗಿದೆ. ಆದರೆ ಒಮ್ಮೆ ಡ್ರಿಲ್ ಹಾಕಿದರೆ ವಾಪಸ್ ಬರುವ ದಾರಿ ಇಲ್ಲ. ವೆಲ್ಡ್ ಆಗದಿದ್ದರೆ ಡ್ರಿಲ್ ಮಾಡಬಹುದು. ಡ್ರಿಲ್ ತಪ್ಪಿದರೆ ವೆಲ್ಡ್ ಮಾಡಲು ಸ್ಟಡ್ಡೇ ಇರುವುದಿಲ್ಲ.

ಲೇತ್ ಶೆಡ್ · 10:02

ಡ್ರಿಲ್ ತಪ್ಪಿದರೂ ಹೆಲಿಕಾಯಿಲ್ ಇದೆಯಲ್ಲ. ಸುರುಳಿ ತಂತಿಯ ಹೊಸ ಥ್ರೆಡ್ ಕೂರಿಸಬಹುದು. ಆದರೆ ಮೊದಲು ವೆಲ್ಡ್ ಪ್ರಯತ್ನಿಸಲಿ ಅನ್ನುವುದನ್ನು ಒಪ್ಪಿದೆ. ಬುಷ್ ಮಾತ್ರ ಮಾಡಿಸಿ ಇಟ್ಟುಕೊಳ್ಳಲಿ.

ಘಾಟಿ ಡ್ರೈವರ್ · 10:10

ಒಂದು ಕೇಳಬೇಕಿತ್ತು. 497 ಅಂದರೆ ಏನು? ಇಷ್ಟು ವರ್ಷ ಓಡಿಸಿದ್ದೇನೆ, ಯಾರೂ ಹೇಳಿಲ್ಲ.

ಪಾಲಿಟೆಕ್ನಿಕ್ ಮೇಷ್ಟ್ರು · 10:21

4 ಸಿಲಿಂಡರ್, ಒಂದೊಂದರ ಬೋರ್ 97 ಎಂಎಂ. ಸ್ಟ್ರೋಕ್ 100. ಗುಣಿಸಿ ನೋಡಿ, 2956 ಸಿಸಿ ಬರುತ್ತದೆ. ದೊಡ್ಡ ಲಾರಿಯ 697 ಕೂಡ ಹಾಗೇ, ಆರು ಸಿಲಿಂಡರ್, ಅದೇ 97.

407 ಬಂದದ್ದು 1986ರಲ್ಲಿ. ಆಗ ಜಪಾನಿನ ಕಂಪನಿಗಳ ಜೊತೆ ಸೇರಿ ಮಾಡಿದ ಸಣ್ಣ ಲಾರಿಗಳು ಒಂದಾದ ಮೇಲೊಂದು ಬಂದವು. ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸಾನ್. 407 ಮಾತ್ರ ನಮ್ಮಲ್ಲೇ ವಿನ್ಯಾಸ ಮಾಡಿದ್ದು. ನಮ್ಮ ವರ್ಕ್‌ಶಾಪ್‌ಗೆ ಒಂದು ಹಳೇ ಎಂಜಿನ್ ತಂದಿದ್ದೆವು. ಎಷ್ಟು ಸಲ ಬಿಚ್ಚಿ ಜೋಡಿಸಿದರೂ ಸ್ಟಾರ್ಟ್ ಆಗುತ್ತಿತ್ತು. ಮಕ್ಕಳಿಗೆ ಅದರಷ್ಟು ಒಳ್ಳೆಯ ಮೇಷ್ಟ್ರು ಇನ್ನೊಬ್ಬರಿರಲಿಲ್ಲ.

ತೆಂಗಿನ ಲೋಡು · 10:30

ಅಪ್ಪನಿಗೆ ಇದನ್ನು ಓದಿ ಹೇಳಿದೆ. ಅವರು ಮೊದಲು ಇನ್ನೊಬ್ಬರ ಮಟಡೋರ್ ಓಡಿಸುತ್ತಿದ್ದರು. ಸ್ವಂತ ಗಾಡಿ ಅಂದರೆ 407ಏ ಆಗಬೇಕು ಅಂತ ಕೂಡಿಟ್ಟು ತೆಗೆದುಕೊಂಡದ್ದು. ಈಗ ಮೊಣಕಾಲು ನೋವು, ಓಡಿಸುವುದಿಲ್ಲ. ಆದರೂ ಇವತ್ತು ಟಾರ್ಚ್ ಹಿಡಿದು ರಾತ್ರಿ ಒಂಬತ್ತರವರೆಗೆ ನಿಂತಿದ್ದರು.

ನಮ್ಮೂರಲ್ಲಿ ಗೇಟು, ಕಿಟಕಿ ಸರಳು ಮಾಡುವ ವೆಲ್ಡಿಂಗ್ ಅಂಗಡಿ ಇದೆ. ಬೆಳಗ್ಗೆ ಅವರನ್ನು ಕೇಳುತ್ತೇನೆ.

ಕಿಡಿ ವೆಲ್ಡಿಂಗ್ · 10:34

ಎರಡೂವರೆ ಎಂಎಂ ರಾಡ್, 80ರಿಂದ 90 ಆಂಪ್ಸ್. ಒಣಗಿದ ರಾಡ್ ಇರಲಿ. ಆ ಕಡೆಯ ಮುಂದಿನ ಚಕ್ರ ಬಿಚ್ಚಿದರೆ ಕೈ ಹೋಗಲು ಜಾಗ ಸಿಗಬಹುದು. ಜಾಕಿ ಒಂದನ್ನೇ ನಂಬಿ ಒಳಗೆ ನುಗ್ಗಬೇಡಿ, ಆಕ್ಸಲ್ ಅಡಿಗೆ ದಪ್ಪ ಮರದ ದಿಮ್ಮಿ ಕೊಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ.

ಹುಬ್ಬಳ್ಳಿ ಗ್ಯಾರೇಜ್ · 10:41

ಒಂದು ಮೇಣದ ಬತ್ತಿ ಜೇಬಿನಲ್ಲಿ ಇಟ್ಕೊಳ್ರಿ. ವೆಲ್ಡ್ ಆದ ಮೇಲೆ ಕೆಂಪು ಹೋಗುವವರೆಗೆ ಕಾಯಿರಿ. ಆಮೇಲೆ ಸ್ಟಡ್ ಬುಡಕ್ಕೆ ಬತ್ತಿ ಮುಟ್ಟಿಸ್ರಿ. ಮೇಣ ಕರಗಿ ಥ್ರೆಡ್ ಒಳಗೆ ತಾನಾಗಿ ಹೀರಿಕೊಂಡು ಹೋಗುತ್ತದೆ. ನಮ್ಮ ಉಸ್ತಾದರು ಕಲಿಸಿದ್ದು. ಮತ್ತೆ, ಒಂದೇ ಕಡೆ ಎಳೆಯಬೇಡ್ರಿ. ಸ್ವಲ್ಪ ಬಿಚ್ಚುವ ಕಡೆ, ಸ್ವಲ್ಪ ಟೈಟ್ ಕಡೆ, ಹೀಗೆ ಆಡಿಸ್ತಾ ಇರ್ರಿ. ಪೈಪ್ ಮನೆಯಲ್ಲೇ ಇರಲಿ.

ತೆಂಗಿನ ಲೋಡು · ಭಾನುವಾರ ಮಧ್ಯಾಹ್ನ 12:15

ಮೊದಲ ಸಲ ನಟ್ಟು ಕಿತ್ತು ಕೈಗೆ ಬಂತು. ಎರಡನೇ ಸಲವೂ ಅದೇ. ವೆಲ್ಡಿಂಗ್ ಅಣ್ಣನಿಗೆ ಬೇಜಾರಾಗಿದೆ, ಇದು ಆಗುವುದಿಲ್ಲ ಅನ್ನುತ್ತಿದ್ದಾರೆ. ಬುಷ್ ಮಾಡಿಸಲು ಹೋಗಲಾ?

ಮಿಷಿಗನ್ ಹಿಮ · 12:19

ಇಲ್ಲಿ ಈಗ ರಾತ್ರಿ, ಇದನ್ನೇ ನೋಡುತ್ತಾ ಕೂತಿದ್ದೇನೆ. ನನಗೆ ಬಂದದ್ದು ಆರನೇ ಸಲಕ್ಕೆ. ಪ್ರತಿ ಸಲ ಬಿಸಿ ಒಳಗೆ ಹೋಗುತ್ತಿದೆ, ಅದು ವ್ಯರ್ಥವಲ್ಲ. ಇನ್ನೊಂದು ಸಲ ಮಾಡಿ.

ಕಿಡಿ ವೆಲ್ಡಿಂಗ್ · 12:23

ಕಿತ್ತು ಬಂದ ನಟ್ಟಿನ ಅಡಿ ನೋಡಿ. ನಡುವೆ ಕಪ್ಪು ಗಾಜಿನ ಹಾಗೆ ಇದೆಯಾ? ಇದ್ದರೆ ಅದು ರಾಡಿನ ಕಿಟ್ಟ. ಸ್ಟಡ್ ಮುಖದ ಮೇಲೆ ಅದು ಉಳಿದಿದ್ದರೆ ಹೊಸ ವೆಲ್ಡ್ ಕಚ್ಚುವುದಿಲ್ಲ. ಚೂಪಾದ ಮೊಳೆಯಿಂದ ಕೆರೆದು, ತಂತಿ ಬ್ರಷ್ ಹಾಕಿ ಬೆಳ್ಳಗೆ ಮಾಡಿ. ಈ ಸಲ ಮೊದಲು ಸ್ಟಡ್ ಮೇಲೆ ಒಂದು ಗುಬ್ಬಿ ಎಬ್ಬಿಸಿ, ವಾಷರ್ ಆಮೇಲೆ.

ತೆಂಗಿನ ಲೋಡು · 12:26

ಹೌದು, ಕಪ್ಪು ಗಾಜಿನ ಹಾಗೇ ಇದೆ. ಕೆರೆಯುತ್ತೇನೆ.

ತೆಂಗಿನ ಲೋಡು · 2:50

ಬಂತು!!

ನಾಲ್ಕನೇ ಸಲಕ್ಕೆ. ಬರೆಯಲು ಕೈ ನಡುಗುತ್ತಿದೆ, ಆದರೂ ಪೂರ್ತಿ ಹೇಳುತ್ತೇನೆ.

ಮೂರನೇ ಸಲ ವೆಲ್ಡ್ ಗಟ್ಟಿಯಾಗಿ ಹಿಡಿಯಿತು, ಆದರೆ ತಿರುಗಲಿಲ್ಲ. ಹೆದರಿ ಬಿಟ್ಟುಬಿಟ್ಟೆ. ನಾಲ್ಕನೇ ಸಲ ಅದೇ ನಟ್ಟಿನ ಮೇಲೆ ಮತ್ತೆ ಬಿಸಿ ಕೊಟ್ಟರು. ಕೆಂಪು ಹೋಗಿ ಬೂದು ಬಣ್ಣ ಬಂದ ಮೇಲೆ ಮೇಣದ ಬತ್ತಿ ಮುಟ್ಟಿಸಿದೆ. ಚುರ್ ಅಂತ ಬಿಳಿ ಹೊಗೆ ಬಂತು, ಮೇಣ ನೀರಾಗಿ ಬುಡದಲ್ಲಿ ಒಂದು ಉಂಗುರದ ಹಾಗೆ ನಿಂತಿತು. ನೋಡ್ತಾ ನೋಡ್ತಾ ಆ ಉಂಗುರ ಒಳಗೆ ಇಳಿದು ಮಾಯವಾಯಿತು. ಇನ್ನೊಮ್ಮೆ ಮುಟ್ಟಿಸಿದೆ, ಅದೂ ಇಳಿಯಿತು.

ಚಿಕ್ಕ ಪಾನಾ ಹಾಕಿ, ಪೈಪ್ ಇಲ್ಲದೆ, ಮೊದಲು ಟೈಟ್ ಕಡೆ ತಳ್ಳಿದೆ. ಕೂದಲೆಳೆಯಷ್ಟು ಅಲ್ಲಾಡಿತು. ಕಿರ್ರ್ ಅಂತು. ಬಿಚ್ಚುವ ಕಡೆ ಎಳೆದೆ, ಮತ್ತೆ ಕಿರ್ರ್. ಅಪ್ಪ ಹಿಂದಿನಿಂದ ಮೆಲ್ಲಗೆ ಮೆಲ್ಲಗೆ ಅನ್ನುತ್ತಿದ್ದರು. ಹತ್ತು ನಿಮಿಷ ಹೀಗೇ ಆಡಿಸಿದೆ. ಕಾಲು ಸುತ್ತು ಬಂತು, ಬುಡದಿಂದ ಕಾಫಿಪುಡಿ ಹಾಗೆ ಕಂದು ತುಕ್ಕು ಉದುರಿತು. ಅರ್ಧ ಸುತ್ತು ಆದ ಮೇಲೆ ಸದ್ದೇ ನಿಂತಿತು. ಆಮೇಲೆ ಬೆರಳಲ್ಲೇ ತಿರುಗಿಸಿ ತೆಗೆದೆ. ತುಂಡು ಈಗ ಮೇಜಿನ ಮೇಲಿದೆ. ಒಳಗಿನ ಥ್ರೆಡ್ ಒಂದೂ ಕೆಟ್ಟಿಲ್ಲ.

ವೆಲ್ಡಿಂಗ್ ಅಣ್ಣ ದುಡ್ಡು ಬೇಡ ಅಂದರು. ಒಂದು ಚೀಲ ಕಾಯಿ ಕೊಟ್ಟು ಕಳಿಸಿದ್ದೇವೆ.

ಸ್ಪ್ಯಾನರ್ 17 · 2:54

ಓದಿ ನನ್ನ ಕಣ್ಣಲ್ಲೇ ನೀರು ಬಂತು ಗುರು. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಘಾಟಿ ಡ್ರೈವರ್ · 2:58

ಈಜಿ ಔಟ್ ಅಂಗಡಿಗೆ ವಾಪಸ್ ಕೊಡಿ.

ಲೇತ್ ಶೆಡ್ · 3:10

ಬಹಳ ಸಂತೋಷ. ಈಗ ಅವಸರ ಮಾಡಬೇಡಿ, ಜೋಡಿಸುವುದರಲ್ಲೇ ಅರ್ಧ ಕೆಲಸ ಇದೆ. ಎಲ್ಲ ಸ್ಟಡ್‌ಗಳನ್ನೂ ಹೊಸದು ಹಾಕಿ, ಒಂದಕ್ಕೆ ಬಿರುಕು ಬಂದಿದ್ದರೆ ಮಿಕ್ಕವೂ ಅಷ್ಟೇ ವರ್ಷ ಬಿಸಿ ತಿಂದಿವೆ. ತೂತುಗಳಿಗೆ ಟ್ಯಾಪ್ ಇಳಿಸಿ. ಟ್ಯಾಪ್‌ಗೆ ಗ್ರೀಸ್ ಮೆತ್ತಿಕೊಂಡರೆ ಪುಡಿ ಅಂಟಿಕೊಂಡು ಹೊರಗೆ ಬರುತ್ತದೆ. ಮ್ಯಾನಿಫೋಲ್ಡ್ ಮುಖದ ಮೇಲೆ ಉಕ್ಕಿನ ಸ್ಕೇಲ್ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆಳಕು ಕಂಡರೆ ಬಾಗಿದೆ ಅಂತ ಅರ್ಥ, ಫೇಸಿಂಗ್ ಮಾಡಿಸದೆ, ಅಂದರೆ ಮುಖ ಕೊರೆಸಿ ಸಮ ಮಾಡಿಸದೆ, ಹಾಕಬೇಡಿ. ಹಾಕಿದರೆ ಆರು ತಿಂಗಳಲ್ಲಿ ಇದೇ ಸ್ಟಡ್ ಮತ್ತೆ ಹೋಗುತ್ತದೆ.

ತೆಂಗಿನ ಲೋಡು · 3:32

ಸ್ಕೇಲ್ ಇಟ್ಟೆ. ಮೂರು ಮುಖ ಸರಿ ಇವೆ, ನಾಲ್ಕನೆಯದರ ಹತ್ತಿರ ಬೆಳಕು ಕಾಣುತ್ತದೆ. 0.3ರ ಫೀಲರ್ ಗೇಜ್ ಸಲೀಸಾಗಿ ಹೋಗುತ್ತದೆ. ಇವತ್ತು ಭಾನುವಾರ, ಲೇತ್ ಎಲ್ಲ ಮುಚ್ಚಿರುತ್ತವೆ. ನಾಳೆ ಲೋಡ್ ಬಿಡಬೇಕಾಗುತ್ತದೆ ಅನ್ನಿಸುತ್ತದೆ.

ಹುಬ್ಬಳ್ಳಿ ಗ್ಯಾರೇಜ್ · 3:40

ಬಿಡ್ರಿ. ತೋಟದವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳ್ರಿ, ಒಂದು ದಿನ ಕಾಯುತ್ತಾರೆ. ನಿನ್ನೆ ನಾನು ಸ್ವಲ್ಪ ಜೋರಾಗಿ ಮಾತಾಡಿದೆ. ಇವತ್ತು ನೀವು ಮಾಡಿದ್ದು ನಮ್ಮ ಹುಡುಗರಿಗೂ ಬರುವುದಿಲ್ಲ, ಅವರು ಎರಡನೇ ಸಲಕ್ಕೇ ಡ್ರಿಲ್ ಹಿಡಿಯುತ್ತಿದ್ದರು.

ಹೊಸ ಪಾನಾ · 3:55

ಟೈಟ್ ಮಾಡುವುದರ ಬಗ್ಗೆ ಒಂದು ಮಾತು. ನಾನು ಟಾರ್ಕ್ ರೆಂಚ್ ತಂದು 25ಕ್ಕೆ ಇಟ್ಟು ಟೈಟ್ ಮಾಡಿದೆ, ಸ್ಟಡ್ ಎಳೆದುಕೊಂಡು ಹಾಳಾಯಿತು. ಆಮೇಲೆ ನೋಡಿದರೆ ನಾನು ಓದಿದ್ದು ಅಡಿ-ಪೌಂಡ್ ಗೆರೆ. ಬೇಕಿದ್ದದ್ದು 25 ನ್ಯೂಟನ್-ಮೀಟರ್. ಹಾಕಿದ್ದು 34 ಆಗಿತ್ತು. ಒಂದು ಕೆಜಿ-ಮೀಟರ್ ಅಂದರೆ 9.8 ನ್ಯೂಟನ್-ಮೀಟರ್, ಇದನ್ನು ಈಗ ಟೂಲ್ ಬಾಕ್ಸ್ ಮುಚ್ಚಳದ ಮೇಲೇ ಬರೆದಿಟ್ಟಿದ್ದೇನೆ.

ಪಾಲಿಟೆಕ್ನಿಕ್ ಮೇಷ್ಟ್ರು · 4:08

ಒಳ್ಳೆಯ ಮಾತು. ಇನ್ನೊಂದು ಸೇರಿಸುತ್ತೇನೆ. ಥ್ರೆಡ್‌ಗೆ ತಾಮ್ರದ ಆಂಟಿ-ಸೀಜ್ ಪೇಸ್ಟ್ ಹಚ್ಚಿದರೆ ಜಾರು ಹೆಚ್ಚುತ್ತದೆ. ಅದೇ ಟಾರ್ಕ್‌ಗೆ ಸ್ಟಡ್ ಜಾಸ್ತಿ ಎಳೆಯಲ್ಪಡುತ್ತದೆ. ಪುಸ್ತಕದಲ್ಲಿ ಒಣ ಥ್ರೆಡ್‌ಗೆ ಕೊಟ್ಟ ಅಂಕಿ ಆದರೆ ಸುಮಾರು ಕಾಲು ಭಾಗ ಕಡಿಮೆ ಮಾಡಿ. ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗಿ, ಒಂದೇ ಸಲ ಪೂರ್ತಿ ಬೇಡ, ಮೂರು ಸುತ್ತಿನಲ್ಲಿ.

ತೆಂಗಿನ ಲೋಡು · ಮಂಗಳವಾರ ರಾತ್ರಿ 8:20

ಸೋಮವಾರ ಫೇಸಿಂಗ್ ಆಯಿತು. ಇವತ್ತು ಬೆಳಗ್ಗೆ ಹೊಸ ಸ್ಟಡ್, ಹೊಸ ಪ್ಯಾಕಿಂಗ್, ತಾಮ್ರದ ಪೇಸ್ಟ್ ಹಾಕಿ ಜೋಡಿಸಿದೆ. ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಇಲ್ಲ. ಅಪ್ಪ ಒಂದು ಊದುಬತ್ತಿ ಹಚ್ಚಿ ಪ್ಯಾಕಿಂಗ್ ಉದ್ದಕ್ಕೂ ಹಿಡಿದುಕೊಂಡು ಹೋದರು, ಹೊಗೆ ಎಲ್ಲೂ ಅಲ್ಲಾಡಲಿಲ್ಲ. ತೋಟದವರು ಕಾದಿದ್ದರು. ಸಂಜೆ ಒಂದು ಲೋಡ್ ಹೊಡೆದು ಬಂದೆ, ಕಿಟಕಿ ಏರಿಸಿಕೊಂಡೇ ನೋಡಿದೆ, ವಾಸನೆ ಇಲ್ಲ.

ನಟ್ಟು ಮತ್ತೆ ಯಾವಾಗ ಚೆಕ್ ಮಾಡಬೇಕು?

ಹುಬ್ಬಳ್ಳಿ ಗ್ಯಾರೇಜ್ · 8:31

ನಾಳೆ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಒಮ್ಮೆ, ಪೂರ್ತಿ ತಣ್ಣಗಿರುವಾಗ. ಮತ್ತೆ ಒಂದು ವಾರ ಓಡಿದ ಮೇಲೆ. ಬಿಸಿ ಇದ್ದಾಗ ಕೈ ಹಾಕಬೇಡ್ರಿ.

ಹಳೇ ಜೀಪು · 8:45

ಇದೆಲ್ಲ ಓದಿ ಇವತ್ತು ನನ್ನ ಜೀಪಿನ ಎಂ-ಸೀಲ್ ಕೆರೆದು ನೋಡಿದೆ. ಒಂದಲ್ಲ, ಎರಡು ಸ್ಟಡ್ ಮುರಿದಿವೆ. ಒಂದು ಅರ್ಧ ಇಂಚು ಹೊರಗಿದೆ, ಒಂದು ಒಳಗೆ. ಕಿಡಿ ಅಣ್ಣ, ಹೊರಗಿರುವುದಕ್ಕೂ ವಾಷರ್ ಬೇಕಾ?

ಕಿಡಿ ವೆಲ್ಡಿಂಗ್ · 8:52

ಅದಕ್ಕೆ ಬೇಡ, ನೇರ ನಟ್ಟು ತೂರಿಸಿ ಒಳಗಿಂದ ತುಂಬಿ. ಒಳಗಿರುವುದರ ಮುಖ ಹೇಗಿದೆ ಅಂತ ಬೆಳಕು ಹಾಕಿ ನೋಡಿ ಹೇಳಿ. ಮೊದಲು ಎಣ್ಣೆ ಬಿಡಿ.